ಕಳಿಸಿದ ಮೇಲ್‌ಗೆ ನಾವೇ ರಿಪ್ಲೈ ಮಾಡುವಾಗ: 'ಟು' ಸಾಲಿನಲ್ಲಿ ಯಾರಿದ್ದಾರೆ?

ಪ್ರೆಸ್ಸಿಗೆ ಮದುವೆ ಆಮಂತ್ರಣದ ಪಠ್ಯ ಕಳಿಸಿ ವಾರವಾಗಿದೆ, ಉತ್ತರವಿಲ್ಲ. ಇಲ್ಲವೇ ಸೆಂಡ್ ಒತ್ತಿದ ಮೇಲೆ ಪಿಡಿಎಫ್ ಸೇರಿಸಿಯೇ ಇಲ್ಲವೆಂದು ಗೊತ್ತಾಗಿದೆ, ಅಥವಾ ಮುಹೂರ್ತದ ಸಮಯ ತಪ್ಪಾಗಿ ಹೋಗಿದೆ. ಇಂಥ ಕಡೆಯಲ್ಲೆಲ್ಲ ಹೊಸ ಮೇಲ್ ಬರೆಯುವ ಬದಲು ಸೆಂಟ್ ಫೋಲ್ಡರಿನಿಂದ ಹಳೆಯ ಮೇಲ್ ತೆಗೆದು ಅದಕ್ಕೇ ರಿಪ್ಲೈ ಮಾಡುವುದು ವಾಸಿ. ಓದುವವರಿಗೆ ಹಿಂದಿನ ಮಾತು ಹುಡುಕುವ ಕೆಲಸ ತಪ್ಪುತ್ತದೆ, ಎರಡೂ ಮೇಲ್ ಒಂದೇ ಸರಣಿಯಲ್ಲಿ ಕೂರುತ್ತವೆ.

ತೊಡಕಿರುವುದು ರಿಪ್ಲೈ ಒತ್ತಿದ ಮೇಲೆ. ಕೆಲವು ಪ್ರೋಗ್ರಾಮ್‌ಗಳು ಆ ಉತ್ತರವನ್ನು ಎದುರಿನವರ ಹೆಸರಿಗೆ ಹಾಕುತ್ತವೆ, ಕೆಲವು ನಿಮ್ಮ ಹೆಸರಿಗೇ ಹಾಕುತ್ತವೆ. ಎರಡನೆಯದಾದರೆ ಮೇಲ್ ಹೋಗಿದೆ ಎಂದುಕೊಂಡು ನೀವು ಸುಮ್ಮನಿರುತ್ತೀರಿ. ಅದು ನಿಮ್ಮದೇ ಇನ್‌ಬಾಕ್ಸಿಗೆ ಬಂದು ಬಿದ್ದಿರುತ್ತದೆ.

ಇದು ಸಾಫ್ಟ್‌ವೇರಿನ ದೋಷವಲ್ಲ. ಇಮೇಲ್ ಹೇಗಿರಬೇಕೆಂದು ಹೇಳುವ ಆರ್‌ಎಫ್‌ಸಿ 5322 ಎಂಬ ದಾಖಲೆ (2008) ಉತ್ತರ ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತದೆ: ಮೂಲ ಮೇಲ್‌ನಲ್ಲಿ 'ರಿಪ್ಲೈ-ಟು' ವಿಳಾಸವಿದ್ದರೆ ಅಲ್ಲಿಗೆ, ಇಲ್ಲದಿದ್ದರೆ 'ಫ್ರಮ್' ವಿಳಾಸಕ್ಕೆ. ನೀವೇ ಕಳಿಸಿದ ಮೇಲ್‌ನಲ್ಲಿ ಫ್ರಮ್ ಎಂದರೆ ನೀವೇ. ನಿಯಮವನ್ನು ಅಕ್ಷರಶಃ ಪಾಲಿಸುವ ಪ್ರೋಗ್ರಾಮ್ ನಿಮಗೇ ಉತ್ತರಿಸುತ್ತದೆ. 'ಇದು ಇವರದೇ ಮೇಲ್, ಹಾಗಾದರೆ ಇವರು ಬರೆಯಹೊರಟಿರುವುದು ಆಗ ಬರೆದವರಿಗೇ' ಎಂದು ಊಹಿಸುವ ಪ್ರೋಗ್ರಾಮ್ ಎದುರಿನವರ ವಿಳಾಸ ಹಾಕುತ್ತದೆ. ಹೀಗಾಗಿ ನಿಮ್ಮ ಪ್ರೋಗ್ರಾಮ್ ಯಾವ ಜಾತಿಯದು ಎಂದು ತಿಳಿದಿರಬೇಕು.

ರಿಪ್ಲೈ ಮಾಡುವ ಮೊದಲು ಇನ್‌ಬಾಕ್ಸ್ ನೋಡಿ

ಉತ್ತರ ಬಂದಿಲ್ಲವೆಂದು ನೆನಪೋಲೆ ಬರೆಯುವ ಮುಂಚೆ, ಮೊದಲನೆಯ ಮೇಲ್ ತಲುಪಿತೇ ಎಂದು ಖಚಿತ ಮಾಡಿಕೊಳ್ಳಿ. ಇನ್‌ಬಾಕ್ಸಿನಲ್ಲೂ ಸ್ಪಾಮ್ ಫೋಲ್ಡರಿನಲ್ಲೂ 'ಮೇಲರ್ ಡೀಮನ್' ಅಥವಾ 'ಮೇಲ್ ಡೆಲಿವರಿ ಸಬ್‌ಸಿಸ್ಟಮ್' ಹೆಸರಿನಲ್ಲಿ, ಮೇಲ್ ತಲುಪದಿದ್ದಾಗ ಸರ್ವರ್ ತಾನಾಗಿ ಕಳಿಸುವ ಪತ್ರ ಇದೆಯೇ ಹುಡುಕಿ. ಅದರೊಳಗೆ ಚುಕ್ಕೆಗಳ ನಡುವೆ ಮೂರು ಅಂಕಿಗಳ ಒಂದು ಸಂಖ್ಯೆ ಇರುತ್ತದೆ, ಕಾರಣ ಹೇಳುವುದು ಅದೇ. 5.1.1 ಎಂದರೆ ಅಂಥ ವಿಳಾಸವೇ ಇಲ್ಲ, ಹೆಚ್ಚಾಗಿ ನಿಮ್ಮ ಅಕ್ಷರ ತಪ್ಪು. 5.2.2 ಎಂದರೆ ಅವರ ಡಬ್ಬಿ ತುಂಬಿದೆ. 5.3.4 ಎಂದರೆ ಮೇಲ್‌ನ ಗಾತ್ರ ಮಿತಿ ಮೀರಿದೆ. 5.7.1 ಎಂದರೆ ಆ ಕಡೆಯ ಸರ್ವರ್ ನಿಮ್ಮ ಮೇಲ್ ಒಪ್ಪುತ್ತಿಲ್ಲ.

ಸಂಖ್ಯೆ 5ರ ಬದಲು 4ರಿಂದ ಶುರುವಾಗಿದ್ದರೆ ಅದು ತಾತ್ಕಾಲಿಕ ತೊಂದರೆ. ಸರ್ವರ್ ತಾನೇ ಮತ್ತೆ ಮತ್ತೆ ಪ್ರಯತ್ನಿಸುತ್ತಿರುತ್ತದೆ, ಕೆಲವು ಒಂದೆರಡು ದಿನ, ಕೆಲವು ನಾಲ್ಕೈದು ದಿನ. ಆಗ ನೀವೂ ಮತ್ತೊಮ್ಮೆ ಕಳಿಸಿದರೆ ಅವರಿಗೆ ಎರಡೆರಡು ಪ್ರತಿ ಹೋಗುತ್ತದೆ, ಅಷ್ಟೇ ಲಾಭ.

ಇಲ್ಲೇ ಜಿಮೇಲ್ ಬಳಸುವವರು ಎಡವುವ ಒಂದು ಜಾಗ ಇದೆ. ವಾಪಸ್ ಬಂದ ಆ ಪತ್ರ ನಿಮ್ಮ ಮೂಲ ಮೇಲ್‌ನ ಸರಣಿಯಲ್ಲೇ, ಅದರ ಕೆಳಗೆ ಕೂರುತ್ತದೆ. ಸರಣಿಯ ತಳದ ರಿಪ್ಲೈ ಬಟನ್ ಯಾವತ್ತೂ ಕೊನೆಯ ಪತ್ರಕ್ಕೆ ಉತ್ತರಿಸುವ ಬಟನ್. ವಿಳಾಸ ತಿದ್ದಿ ಕಳಿಸುತ್ತಿದ್ದೇನೆ ಎಂದುಕೊಂಡು ಅದನ್ನು ಒತ್ತಿದರೆ ಉತ್ತರ ಹೋಗುವುದು ಮೇಲರ್ ಡೀಮನ್‌ಗೆ, ಅಲ್ಲಿ ಓದುವವರು ಯಾರೂ ಇಲ್ಲ. 'ರಜೆಯಲ್ಲಿದ್ದೇನೆ' ಎಂಬ ತಾನಾಗಿ ಬರುವ ಉತ್ತರ ಕೊನೆಯಲ್ಲಿದ್ದರೂ ಇದೇ ಕತೆ: ಐದು ಜನಕ್ಕೆ ಬರೆದ ಮೇಲ್‌ನ ಮುಂದಿನ ಮಾತು ರಜೆಯಲ್ಲಿರುವ ಒಬ್ಬರಿಗೆ ಮಾತ್ರ ಹೋಗುತ್ತದೆ. ಸರಣಿಯಲ್ಲಿ ಮೇಲೆ ಹೋಗಿ ನಿಮ್ಮ ಮೇಲ್ ಬಿಡಿಸಿ, ಅದರ ಬಲಗಡೆಯ ಮೂರು ಚುಕ್ಕೆ ಒತ್ತಿ, ಅಲ್ಲಿಂದ ರಿಪ್ಲೈ ಆರಿಸಿ.

ತಪ್ಪು ವಿಳಾಸ ಒಮ್ಮೆ ಬಳಸಿದರೆ ಪ್ರೋಗ್ರಾಮ್ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲವೂ ಮುಂದೆ ಚಾಚುತ್ತದೆ. ಜಿಮೇಲ್‌ನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು 'ಅದರ್ ಕಾಂಟ್ಯಾಕ್ಟ್ಸ್' ಪಟ್ಟಿಯಿಂದ ಅಳಿಸಿ. ಹಳೆಯ ಔಟ್‌ಲುಕ್‌ನಲ್ಲಾದರೆ ವಿಳಾಸ ಟೈಪ್ ಮಾಡುವಾಗ ಇಳಿಯುವ ಪಟ್ಟಿಯಲ್ಲಿ ಆ ಹೆಸರಿನ ಪಕ್ಕದ ಅಡ್ಡಗುರುತು ಒತ್ತಿದರೆ ಸಾಕು.

ಔಟ್‌ಲುಕ್

ವಿಂಡೋಸ್‌ನಲ್ಲಿ ಕಂಪನಿಗಳು ವರ್ಷಾನುಗಟ್ಟಲೆ ಬಳಸಿಕೊಂಡು ಬಂದಿರುವ ಕ್ಲಾಸಿಕ್ ಔಟ್‌ಲುಕ್ ಅಕ್ಷರಶಃ ನಡೆಯುವ ಜಾತಿ. ಸೆಂಟ್ ಐಟಮ್ಸ್‌ನಲ್ಲಿ ಮೇಲ್ ಆರಿಸಿ ಕಂಟ್ರೋಲ್ ಮತ್ತು ಆರ್ ಒತ್ತಿದರೆ ಟು ಸಾಲಿನಲ್ಲಿ ನಿಮ್ಮದೇ ಹೆಸರು ಬರುತ್ತದೆ. ಒತ್ತಬೇಕಾದ್ದು ರಿಪ್ಲೈ ಆಲ್, ಅಂದರೆ ಕಂಟ್ರೋಲ್, ಶಿಫ್ಟ್, ಆರ್. ಆಗ ಮೂಲದಲ್ಲಿ ಟು ಸಾಲಿನಲ್ಲಿದ್ದವರು ಟುಗೆ, ಸಿಸಿಯಲ್ಲಿದ್ದವರು ಸಿಸಿಗೆ ಬರುತ್ತಾರೆ. ನಿಮ್ಮ ವಿಳಾಸವೂ ಜೊತೆಗೆ ಅಂಟಿಕೊಂಡಿದ್ದರೆ ತೆಗೆಯಿರಿ.

ಒಬ್ಬರಿಗೇ ಬರೆದಿದ್ದರೂ ರಿಪ್ಲೈ ಆಲ್ ಒತ್ತುವುದು ವಿಚಿತ್ರವೆನಿಸಬಹುದು. ಆದರೆ ಸೆಂಟ್ ಫೋಲ್ಡರಿನಿಂದ ಉತ್ತರಿಸುವಾಗ ಯಾವ ಪ್ರೋಗ್ರಾಮಿನಲ್ಲಾದರೂ ಭರವಸೆ ಇಡಬಹುದಾದ ಬಟನ್ ಇದೊಂದೇ. ಹೊಸ ಔಟ್‌ಲುಕ್, ಬ್ರೌಸರ್‌ನ ಔಟ್‌ಲುಕ್, ಫೋನಿನ ಆ್ಯಪ್ ಎಲ್ಲಕ್ಕೂ ಇದನ್ನೇ ರೂಢಿ ಮಾಡಿಕೊಂಡರೆ ಒಂದೊಂದರ ನಡವಳಿಕೆ ನೆನಪಿಡುವ ಕಷ್ಟವಿಲ್ಲ. ಕಳಿಸುವ ಮುಂಚೆ ಸಿಸಿಯಲ್ಲಿ ಬೇಡದವರಿದ್ದರೆ ತೆಗೆದುಬಿಡಿ. ಮ್ಯಾನೇಜರನ್ನು ಸಿಸಿಯಲ್ಲಿಟ್ಟು 'ಇನ್ನೂ ಉತ್ತರಿಸಿಲ್ಲ' ಎಂದು ನೆನಪಿಸಿದರೆ ಅದು ದೂರಿನಂತೆ ಕಾಣುತ್ತದೆ.

ಕಳಿಸಿದ ಮೇಲ್ ಹಿಂದಕ್ಕೆ ಕರೆಸಿಕೊಳ್ಳುವ ಔಟ್‌ಲುಕ್‌ನ 'ರೀಕಾಲ್' ಬಗ್ಗೆ ಒಂದು ಮಾತು. ಎರಡೂ ಕಡೆಯವರು ಒಂದೇ ಸಂಸ್ಥೆಯ ಎಕ್ಸ್‌ಚೇಂಜ್ ಅಥವಾ ಮೈಕ್ರೋಸಾಫ್ಟ್ 365 ಖಾತೆಯಲ್ಲಿದ್ದರೆ ಮಾತ್ರ ಅದಕ್ಕೆ ಅರ್ಥ. ಜಿಮೇಲ್ ವಿಳಾಸಕ್ಕೆ ಹೋದ ಮೇಲ್ ಅದರಿಂದ ವಾಪಸ್ ಬರುವುದಿಲ್ಲ. ಹೊರಗಿನವರಿಗೆ ತಪ್ಪು ಹೋಗಿದ್ದರೆ ತಿದ್ದುಪಡಿಯ ರಿಪ್ಲೈ ಒಂದೇ ದಾರಿ.

ಥಂಡರ್‌ಬರ್ಡ್

ಇದು ಊಹಿಸುವ ಜಾತಿ. ಫ್ರಮ್ ವಿಳಾಸ ನಿಮ್ಮದೇ ಎಂದು ಗುರುತು ಹತ್ತಿದರೆ ಉತ್ತರವನ್ನು ಮೂಲ ಸ್ವೀಕರಿಸಿದವರಿಗೇ ಹಾಕುತ್ತದೆ. ಗುರುತು ತಪ್ಪಿದಾಗ ತೊಂದರೆ. ಎರಡು ಮೂರು ಖಾತೆ ಇಟ್ಟುಕೊಂಡವರು ಒಂದರಿಂದ ಕಳಿಸಿದ ಮೇಲ್ ಅನ್ನು ಇನ್ನೊಂದು ಖಾತೆಯ ಫೋಲ್ಡರಿಗೆ ಸರಿಸಿರುತ್ತಾರೆ. ಥಂಡರ್‌ಬರ್ಡ್ ತಾನಾಗಿ ನೋಡುವುದು ಆ ಫೋಲ್ಡರ್ ಸೇರಿದ ಖಾತೆಯ ವಿಳಾಸಗಳನ್ನಷ್ಟೇ. ಅಲ್ಲಿ ಹೊಂದಿಕೆಯಾಗದಿದ್ದರೆ ನಿಮ್ಮನ್ನು ಬೇರೆ ಯಾರೋ ಎಂದು ಭಾವಿಸಿ ನಿಮ್ಮ ಆ ಇನ್ನೊಂದು ವಿಳಾಸಕ್ಕೇ ಉತ್ತರ ಹಾಕುತ್ತದೆ.

ಇದಕ್ಕೆ ಮದ್ದು ಒಳಗಿನ ಸೆಟ್ಟಿಂಗ್‌ನಲ್ಲಿದೆ. ಸೆಟ್ಟಿಂಗ್ಸ್ ತೆರೆದು ಜನರಲ್ ಪುಟದ ತಳಕ್ಕೆ ಹೋಗಿ 'ಕಾನ್ಫಿಗ್ ಎಡಿಟರ್' ಒತ್ತಿ. ಹುಡುಕುವ ಜಾಗದಲ್ಲಿ 'ರಿಪ್ಲೈ ಟು ಸೆಲ್ಫ್' ಎಂದು ಇಂಗ್ಲಿಷಿನಲ್ಲಿ, ಪದಗಳ ನಡುವೆ ಜಾಗದ ಬದಲು ಅಂಡರ್‌ಸ್ಕೋರ್ ಇಟ್ಟು ಬರೆಯಿರಿ. 'ಚೆಕ್ ಆಲ್ ಐಡೆಂಟ್' ಎಂದು ಮುಗಿಯುವ ಸಾಲು ಕಾಣುತ್ತದೆ, ಅದರ ಬೆಲೆ 'ಫಾಲ್ಸ್' ಎಂದಿರುತ್ತದೆ. ಪಕ್ಕದ ಬಾಣಗಳ ಗುರುತು ಒತ್ತಿ 'ಟ್ರೂ' ಮಾಡಿ. ಇನ್ನು ಮುಂದೆ ನಿಮ್ಮ ಎಲ್ಲ ಖಾತೆಗಳ ವಿಳಾಸಗಳನ್ನೂ ತಾಳೆ ನೋಡುತ್ತದೆ. ಆ ಪುಟದಲ್ಲಿ ಬೇರೇನನ್ನೂ ಮುಟ್ಟುವ ಅಗತ್ಯವಿಲ್ಲ.

ಇನ್ನೊಂದು ಸೆಟ್ಟಿಂಗ್ ನಮ್ಮ ಮಟ್ಟಿಗೆ ಬಹಳ ಉಪಯುಕ್ತ. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ 'ಕಾಪೀಸ್ ಅಂಡ್ ಫೋಲ್ಡರ್ಸ್' ಎಂಬಲ್ಲಿ, ಉತ್ತರದ ಪ್ರತಿಯನ್ನು ಮೂಲ ಮೇಲ್ ಇರುವ ಫೋಲ್ಡರಿನಲ್ಲೇ ಇಡು ಎನ್ನುವ ಚೌಕವಿದೆ. ಅದಕ್ಕೆ ಟಿಕ್ ಹಾಕಿದರೆ ನೀವು ಕೇಳಿದ್ದು, ಅವರು ಹೇಳಿದ್ದು, ನೀವು ಮತ್ತೆ ಕೇಳಿದ್ದು ಒಂದೇ ಕಡೆ ಸಿಗುತ್ತವೆ.

ಜಿಮೇಲ್, ಮಟ್, ಆ್ಯಪಲ್ ಮೇಲ್

ಜಿಮೇಲ್ ಕೂಡ ಊಹಿಸುತ್ತದೆ. ನಿಮ್ಮ ಮೇಲ್‌ಗೆ ರಿಪ್ಲೈ ಒತ್ತಿದರೆ ಮೂಲದ ಟು ಸಾಲಿನವರಿಗೆ ಹೋಗುತ್ತದೆ, ಸಿಸಿಯವರೂ ಬೇಕಾದರೆ ರಿಪ್ಲೈ ಆಲ್. ಫೋನಿನಲ್ಲಿ ಸಿಸಿ ಮಡಚಿಕೊಂಡಿರುತ್ತದೆ, ಟು ಸಾಲಿನ ಪಕ್ಕದ ಬಾಣ ಒತ್ತಿ ಬಿಡಿಸಿ ನೋಡದೆ ಕಳಿಸಬೇಡಿ.

ಗೂಗಲ್ ಗ್ರೂಪ್ಸ್‌ನಂಥ ಗುಂಪಿಗೆ ಬರೆದಾಗ ನೀವು ಕಳಿಸಿದ್ದು ನಿಮ್ಮ ಜಿಮೇಲ್ ಇನ್‌ಬಾಕ್ಸಿಗೆ ಮರಳಿ ಬರುವುದಿಲ್ಲ. ನಿಮ್ಮ ಹತ್ತಿರ ಈಗಾಗಲೇ ಒಂದು ಪ್ರತಿ ಇದೆ ಎಂದು ಜಿಮೇಲ್ ಎರಡನೆಯದನ್ನು ತೋರಿಸುವುದಿಲ್ಲ. ಮೇಲ್ ಹೋಗಲಿಲ್ಲವೆಂದು ಗಾಬರಿಯಾಗಿ ಮತ್ತೆ ಕಳಿಸುವವರು ಇದ್ದಾರೆ. ಸೆಂಟ್‌ನಲ್ಲಿರುವ ಪ್ರತಿಗೆ ರಿಪ್ಲೈ ಮಾಡಿ, ಅದು ಗುಂಪಿನ ವಿಳಾಸಕ್ಕೇ ಹೋಗುತ್ತದೆ.

ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಮಟ್ ಎಂಬ ಮೇಲ್ ಪ್ರೋಗ್ರಾಮ್ ಬಳಸುವವರಿಗೆ ಇದೆಲ್ಲ ಒಂದು ಆಯ್ಕೆಯ ಮಾತು. 'ರಿಪ್ಲೈ ಸೆಲ್ಫ್' ಎಂಬ ಸೆಟ್ಟಿಂಗ್ 'ನೋ' ಎಂದಿದ್ದರೆ (ತಾನಾಗಿ ಇರುವುದೂ ಹಾಗೆಯೇ) ಸ್ವೀಕರಿಸಿದವರಿಗೆ ಉತ್ತರಿಸುತ್ತದೆ, 'ಯೆಸ್' ಎಂದರೆ ನಿಮಗೇ. ಒಂದಕ್ಕಿಂತ ಹೆಚ್ಚು ವಿಳಾಸವಿದ್ದರೆ ಅವನ್ನೆಲ್ಲ 'ಆಲ್ಟರ್ನೇಟ್ಸ್' ಆಜ್ಞೆಯಲ್ಲಿ ಕೊಟ್ಟಿರಬೇಕು. ಕೊಡದಿದ್ದರೆ ಥಂಡರ್‌ಬರ್ಡ್‌ಗೆ ಆಗುವ ಮರೆವೇ ಇದಕ್ಕೂ ಆಗುತ್ತದೆ. ಆ್ಯಪಲ್ ಮೇಲ್ ಬಳಸುವವರು ಮೇಲೆ ಹೇಳಿದಂತೆ ರಿಪ್ಲೈ ಆಲ್ ಒತ್ತಿ ಟು ಸಾಲು ನೋಡಿಕೊಳ್ಳಲಿ.

ಅಟ್ಯಾಚ್‌ಮೆಂಟ್ ಬಿಟ್ಟುಹೋದಾಗ

ರಿಪ್ಲೈ ಮಾಡಿದರೆ ಮೂಲದ ಅಟ್ಯಾಚ್‌ಮೆಂಟ್ ಜೊತೆಗೆ ಬರುವುದಿಲ್ಲ. ಕಡತ ಕಳಿಸಿದವರ ಬಳಿ ಅದು ಇದ್ದೇ ಇರುತ್ತದೆ ಎಂಬ ಲೆಕ್ಕದಲ್ಲಿ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ಅದನ್ನು ಕಳಚುತ್ತವೆ. ಆದ್ದರಿಂದ 'ಮೊದಲ ಮೇಲ್‌ನಲ್ಲಿ ಪಿಡಿಎಫ್ ಇತ್ತು, ಈಗಲೂ ಹೋಗಿರುತ್ತದೆ' ಎಂದುಕೊಳ್ಳಬೇಡಿ. ಕಡತವನ್ನೇ ಮರೆತಿದ್ದರೆ ಕೆಲಸ ಸರಳ: ನಿಮ್ಮ ಮೇಲ್‌ಗೆ ರಿಪ್ಲೈ ಆಲ್, ಕಡತ ಸೇರಿಸಿ, 'ಪಿಡಿಎಫ್ ಇಲ್ಲಿದೆ, ಹಿಂದಿನ ಮೇಲ್‌ನಲ್ಲಿ ಬಿಟ್ಟುಹೋಗಿತ್ತು' ಎಂಬ ಒಂದು ಸಾಲು. ಉದ್ದದ ಕ್ಷಮಾಪಣೆ ಬೇಡ.

ಕಡತ ಸಮೇತ ಇಡೀ ಮೇಲ್ ಮತ್ತೆ ಹೋಗಬೇಕಿದ್ದರೆ ರಿಪ್ಲೈ ಉಪಯೋಗಕ್ಕೆ ಬಾರದು. ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಕಳಿಸಿದ ಮೇಲ್ ಅನ್ನು ಡಬಲ್ ಕ್ಲಿಕ್ ಮಾಡಿ ಬೇರೆ ಕಿಟಕಿಯಲ್ಲಿ ತೆರೆಯಿರಿ, ಮೆಸೇಜ್ ಟ್ಯಾಬಿನ 'ಆಕ್ಷನ್ಸ್' ಒಳಗೆ 'ರೀಸೆಂಡ್ ದಿಸ್ ಮೆಸೇಜ್' ಇದೆ. ಓದುವ ಪಟ್ಟಿಯಲ್ಲಿ ಸುಮ್ಮನೆ ಆರಿಸಿಟ್ಟು ಹುಡುಕಿದರೆ ಅದು ಸಿಗದು. ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಮತ್ತು ಇ, ಅಂದರೆ 'ಎಡಿಟ್ ಆ್ಯಸ್ ನ್ಯೂ ಮೆಸೇಜ್'. ಮ್ಯಾಕ್‌ನ ಮೇಲ್‌ನಲ್ಲಿ ಮೆಸೇಜ್ ಮೆನುವಿನ 'ಸೆಂಡ್ ಅಗೇನ್'. ಜಿಮೇಲ್‌ನಲ್ಲಿ ಈ ಸೌಲಭ್ಯವಿಲ್ಲ. ಫಾರ್ವರ್ಡ್ ಒತ್ತಿ ವಿಳಾಸ ನೀವೇ ತುಂಬಬೇಕು, ಕಡತ ಜೊತೆಗೇ ಬರುತ್ತದೆ.

ಗಾತ್ರದ ಲೆಕ್ಕವೂ ಇರಲಿ. ಜಿಮೇಲ್‌ನ ಮಿತಿ 25 ಎಂಬಿ. ಇಮೇಲ್‌ನಲ್ಲಿ ಸಾಗುವಾಗ ಕಡತ ಅಕ್ಷರಗಳ ರೂಪಕ್ಕೆ ಬದಲಾಗಿ ಸುಮಾರು ಮೂರನೇ ಒಂದರಷ್ಟು ಉಬ್ಬುತ್ತದೆ. 20 ಎಂಬಿಯ ಕಡತ ದಾರಿಯಲ್ಲಿ 27 ಎಂಬಿ ಆಸುಪಾಸು ಆಗುವುದರಿಂದ ಎದುರಿನ ಸರ್ವರ್ ತಿರಸ್ಕರಿಸಬಹುದು.

ಮರೆವಿಗೆ ಥಂಡರ್‌ಬರ್ಡ್‌ನಲ್ಲಿ ಒಂದು ಕಾವಲು ಇದೆ. ಸೆಟ್ಟಿಂಗ್ಸ್‌ನ ಕಾಂಪೋಸಿಷನ್ ಪುಟದಲ್ಲಿ ಅಟ್ಯಾಚ್‌ಮೆಂಟ್ ಮರೆತರೆ ಎಚ್ಚರಿಸುವ ಚೌಕದ ಪಕ್ಕ 'ಕೀವರ್ಡ್ಸ್' ಬಟನ್ ಇದೆ. ಅಲ್ಲಿರುವ ಇಂಗ್ಲಿಷ್ ಪದಗಳು ಕನ್ನಡ ಪತ್ರಕ್ಕೆ ನಿರುಪಯೋಗಿ, ನಮ್ಮ ಪದಗಳನ್ನು ನಾವೇ ಸೇರಿಸಬೇಕು. ಅದು ಹುಡುಕುವುದು ಇಡೀ ಪದವನ್ನು. 'ಲಗತ್ತು' ಒಂದನ್ನೇ ಕೊಟ್ಟರೆ 'ಲಗತ್ತಿಸಿದ್ದೇನೆ' ಹಿಡಿಯುತ್ತದೆಂದು ನಂಬಬೇಡಿ. ನೀವು ನಿಜವಾಗಿ ಬರೆಯುವ ರೂಪಗಳನ್ನೇ ಕೊಡಿ: ಲಗತ್ತಿಸಿದ್ದೇನೆ, ಲಗತ್ತಿಸಿದೆ, ಲಗತ್ತಿಸಲಾಗಿದೆ.

ಜಿಮೇಲ್‌ನವರಿಗೆ, ಸೆಂಡ್ ಒತ್ತಿದ ಕೆಲವು ಸೆಕೆಂಡಿನೊಳಗೆ ಮೇಲ್ ತಡೆಯುವ 'ಅನ್‌ಡೂ ಸೆಂಡ್' ಇದೆ. ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ 5, 10, 20, 30 ಸೆಕೆಂಡ್ ಎಂಬ ನಾಲ್ಕು ಆಯ್ಕೆ. 30 ಇಟ್ಟುಕೊಳ್ಳಿ, ಪುಟದ ತಳದಲ್ಲಿ ಸೇವ್ ಒತ್ತುವುದು ಮರೆಯಬೇಡಿ. ಮರೆತ ಕಡತ ನೆನಪಾಗುವುದು ಹೆಚ್ಚಾಗಿ ಸೆಂಡ್ ಒತ್ತಿದ ಅರೆ ನಿಮಿಷದೊಳಗೇ.

ಬಿಸಿಸಿಯಲ್ಲಿ ಕಳಿಸಿದ್ದರೆ

ಸಂಘದ ಸಭೆಗೆ ಕರೆಯುವವರು, ಟ್ಯೂಷನ್ ಪೋಷಕರಿಗೆ ಸೂಚನೆ ಕಳಿಸುವವರು ಸಾಮಾನ್ಯವಾಗಿ ಟು ಸಾಲಿನಲ್ಲಿ ತಮ್ಮದೇ ವಿಳಾಸ ಹಾಕಿ ಉಳಿದವರನ್ನೆಲ್ಲ ಬಿಸಿಸಿಯಲ್ಲಿ, ಅಂದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಸಾಲಿನಲ್ಲಿ, ಇಡುತ್ತಾರೆ. ಒಳ್ಳೆಯ ಪದ್ಧತಿಯೇ. ಆದರೆ ಆ ಮೇಲ್‌ಗೆ ಬರೀ ರಿಪ್ಲೈ ಒತ್ತಿದರೆ ಯಾವ ಪ್ರೋಗ್ರಾಮಿನಲ್ಲೂ ಅದು ನಿಮಗೇ ಬರುತ್ತದೆ, ಏಕೆಂದರೆ ಟುವಿನಲ್ಲೂ ಫ್ರಮ್‌ನಲ್ಲೂ ನೀವೇ. 'ಸಭೆ ಮುಂದೂಡಲಾಗಿದೆ' ಎಂಬುದು ಯಾರಿಗೂ ತಲುಪದೆ ಎಲ್ಲರೂ ಹಳೆಯ ಸಮಯಕ್ಕೆ ಬಂದು ನಿಲ್ಲುತ್ತಾರೆ.

ಬಿಸಿಸಿಯ ಪಟ್ಟಿ ಕಳಿಸಿದವರ ಸೆಂಟ್ ಪ್ರತಿಯಲ್ಲಿ ಮಾತ್ರ ಉಳಿಯುತ್ತದೆ. ಥಂಡರ್‌ಬರ್ಡ್‌ನಲ್ಲಿ ಆ ಪ್ರತಿಗೆ ರಿಪ್ಲೈ ಆಲ್ ಮಾಡಿದರೆ ಬಿಸಿಸಿಯವರು ಬಿಸಿಸಿಯಲ್ಲೇ ಬರುತ್ತಾರೆ. ಜಿಮೇಲ್‌ನಲ್ಲಿ ಅವರು ತಾವಾಗಿ ಬರುತ್ತಾರೆಂದು ನೆಚ್ಚಬೇಡಿ. ಕಳಿಸಿದ ಮೇಲ್‌ನಲ್ಲಿ ನಿಮ್ಮ ಹೆಸರಿನ ಕೆಳಗಿನ ಸಣ್ಣ ಬಾಣ ಒತ್ತಿದರೆ ಪಟ್ಟಿ ಕಾಣುತ್ತದೆ, ಅಲ್ಲಿಂದ ನಕಲಿಸಿ ಹೊಸ ಉತ್ತರದ ಬಿಸಿಸಿಗೆ ಅಂಟಿಸಿ. ಅವಸರದಲ್ಲಿ ಸಿಸಿಗೆ ಅಂಟಿಸಿದರೆ ಅಷ್ಟೂ ಜನರ ವಿಳಾಸ ಪರಸ್ಪರ ಬಯಲಾಗುತ್ತದೆ. ಅಂಟಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ.

ವಿಷಯದ ಸಾಲು ಮುಟ್ಟಬೇಡಿ

ಪ್ರತಿ ಮೇಲ್‌ಗೂ 'ಮೆಸೇಜ್-ಐಡಿ' ಎಂಬ ಒಂದು ಗುರುತು ಇರುತ್ತದೆ. ರಿಪ್ಲೈ ಮಾಡಿದಾಗ ಆ ಗುರುತು ಹೊಸ ಮೇಲ್‌ನ 'ಇನ್-ರಿಪ್ಲೈ-ಟು' ಮತ್ತು 'ರೆಫರೆನ್ಸಸ್' ಎಂಬ ಸಾಲುಗಳಿಗೆ ಸೇರುತ್ತದೆ, ಹಿಂದಿನವುಗಳ ಸಾಲಿಗೆ ಇನ್ನೊಂದು ಜೋಡಣೆ. ಪತ್ರಗಳನ್ನು ಸರಣಿಯಾಗಿ ಕಟ್ಟುವುದು ಇದರ ಆಧಾರದ ಮೇಲೆ, ಕಳಿಸಿದವರು ಯಾರೆಂಬುದರ ಮೇಲಲ್ಲ. ಹಾಗಾಗಿ ನಿಮಗೆ ನೀವೇ ಉತ್ತರಿಸಿದರೂ ಸರಣಿ ಮುರಿಯದು. ನೋಡಬೇಕೆನಿಸಿದರೆ ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಮತ್ತು ಯು, ಜಿಮೇಲ್‌ನಲ್ಲಿ ಮೂರು ಚುಕ್ಕೆಯ 'ಶೋ ಒರಿಜಿನಲ್'. ರೀಸೆಂಡ್ ಅಥವಾ ಹೊಸ ಮೇಲ್‌ನಲ್ಲಿ ಈ ಕೊಂಡಿ ಇರುವುದಿಲ್ಲ, ವಿಷಯದ ಸಾಲನ್ನು ಅಕ್ಷರ ಬಿಡದೆ ನಕಲಿಸಿದರೂ ಇರುವುದಿಲ್ಲ.

ಜಿಮೇಲ್ ಇದರ ಜೊತೆಗೆ ವಿಷಯದ ಸಾಲನ್ನೂ ನೋಡುತ್ತದೆ. ಸಾಲು ಬದಲಾದರೆ, ಅಥವಾ ಸರಣಿ 100 ಮೇಲ್ ದಾಟಿದರೆ, ಹೊಸ ಸರಣಿ ಶುರು. ವಿಷಯದ ಮುಂದೆ 'ತುರ್ತು', 'ಜ್ಞಾಪನೆ 2' ಎಂದು ಸೇರಿಸುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಧಾರಾಳವಾಗಿದೆ. ಅದರಿಂದ ಓದುವವರ ಕೈಗೆ ಹಿಂದುಮುಂದಿಲ್ಲದ ಒಂದು ಒಂಟಿ ಪತ್ರ ಸಿಗುತ್ತದೆ. ಆ ಮಾತನ್ನು ಪತ್ರದ ಮೊದಲ ಸಾಲಿನಲ್ಲಿ ಬರೆಯಿರಿ.

ಏನು ಬರೆಯುವುದು

ಬೇಕಾದ್ದು ಮೇಲೆ, ಹಳೆಯ ಪಠ್ಯ ಕೆಳಗೆ. 'ಕೆಳಗಿನ ಮೇಲ್ ನೋಡಿ' ಎಂದಷ್ಟೇ ಬರೆದು ಕಳಿಸಿದರೆ ಫೋನಿನಲ್ಲಿ ಓದುವವರಿಗೆ ಕೆಳಗಿನದು ಮಡಚಿಕೊಂಡಿರುತ್ತದೆ, ನೀವು ಕೇಳಿದ್ದೇನೆಂದು ಅವರು ಬಿಡಿಸಿ ನೋಡುವುದಿಲ್ಲ. ತಿದ್ದುಪಡಿಯಾದರೆ ತಪ್ಪನ್ನೂ ಸರಿಯನ್ನೂ ಅಕ್ಕಪಕ್ಕ ಕೊಡಿ, ಉಳಿದದ್ದು ಬದಲಾಗಿಲ್ಲ ಎಂದೂ ಹೇಳಿ. ಹೀಗೆ:

'ನಮಸ್ಕಾರ ಸರ್, ಸೋಮವಾರ ಕಳಿಸಿದ ಆಮಂತ್ರಣದ ಪಠ್ಯದಲ್ಲಿ ಮುಹೂರ್ತದ ಸಮಯ ತಪ್ಪಾಗಿದೆ. ಬೆಳಿಗ್ಗೆ 10.40 ಎಂದಿರುವುದನ್ನು 11.10 ಎಂದು ಮಾಡಿಕೊಳ್ಳಿ. ಉಳಿದದ್ದೆಲ್ಲ ಹಾಗೇ ಇರಲಿ. ಪ್ರೂಫ್ ಶುಕ್ರವಾರದೊಳಗೆ ಸಿಕ್ಕರೆ ಅನುಕೂಲ.'

ಉತ್ತರ ಬಾರದ ಮೇಲ್‌ಗಾದರೆ ಕೇಳಿದ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಮತ್ತೆ ಕೇಳಿ, ಯಾವ ದಿನದೊಳಗೆ ಬೇಕೆಂದು ಹೇಳಿ. 'ಈ ಹಿಂದೆಯೇ ತಿಳಿಸಿದಂತೆ' ಎಂದು ಶುರುಮಾಡುವುದು ಜಗಳಕ್ಕೆ ಕರೆದಂತೆ. ಎರಡನೆಯ ನೆನಪೋಲೆಗೂ ಉತ್ತರವಿಲ್ಲದಿದ್ದರೆ ಮೂರನೆಯದು ಬೇಡ, ಫೋನ್ ಮಾಡಿ.

ಕೆಳಗೆ ಉಳಿಯುವ ಹಳೆಯ ಪಠ್ಯದಲ್ಲಿ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಭಾಗವಿದ್ದರೆ ವಿಶೇಷ ಗಮನ ಬೇಕು. ಅಲ್ಲಿ ಕನ್ನಡ ಕಾಣುವುದು ಆ ಫಾಂಟಿನಿಂದ, ಅಡಿಯಲ್ಲಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೊಂಚಲು. ರಿಪ್ಲೈ ಮಾಡುವಾಗ ಪ್ರೋಗ್ರಾಮ್ ಪಠ್ಯವನ್ನು ಸರಳ ರೂಪಕ್ಕೆ ಇಳಿಸಿದರೆ ಫಾಂಟಿನ ಮಾಹಿತಿ ಉದುರಿಹೋಗುತ್ತದೆ, ಎದುರಿನವರಿಗೆ ಆ ಗೊಂಚಲೇ ಕಾಣುತ್ತದೆ. ಅವರ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೂ ಅಷ್ಟೇ. ರಿಪ್ಲೈ ಕಿಟಕಿಯಲ್ಲೇ ಹಾಗೆ ಕಂಡರೆ ಆ ಭಾಗ ಅಳಿಸಿ, ಮೂಲ ಕಡತವನ್ನು ಪರಿವರ್ತಕದಲ್ಲಿ ಯುನಿಕೋಡ್‌ಗೆ ತಿರುಗಿಸಿ ಅಂಟಿಸಿ. ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಂದೊಂದಾಗಿ ಓದಿ ನೋಡಿ. ಪ್ರೆಸ್ಸಿನವರು ಇನ್ನೂ ಹಳೆಯ ಫಾಂಟನ್ನೇ ಕೇಳಿದರೆ ಪಠ್ಯವನ್ನು ಮೇಲ್‌ನ ಒಳಗೆ ಅಂಟಿಸದೆ ಕಡತವಾಗಿ ಸೇರಿಸಿ, ಹೇಗೆ ಕಾಣಬೇಕೆಂದು ತೋರಿಸುವ ಒಂದು ಪಿಡಿಎಫ್ ಜೊತೆಗಿಡಿ.